ಮೆಚ್ಚಿನ ಹತ್ತು ಸಿನಿಮಾ: ಒಂದರ ಕೆಳಗೊಂದು ಜೋಡಿಸುವ ಬಗೆ

ಮೆಚ್ಚಿನ ಸಿನಿಮಾ ಯಾವುದು ಎಂದು ಕೇಳಿದರೆ ಯಾರ ಬಾಯಲ್ಲೂ ಒಂದು ಹೆಸರು ತಟ್ಟನೆ ಬರುತ್ತದೆ. ಹತ್ತು ಹೇಳಿ ಎಂದರೆ ಆರೇಳರವರೆಗೆ ಸಲೀಸು, ಆಮೇಲೆ ತಡವರಿಕೆ. ಆ ಹತ್ತನ್ನು ಒಂದರ ಕೆಳಗೊಂದು ಇಡಿ ಎಂದಾಗ ನಿಜವಾದ ಕೆಲಸ ಶುರುವಾಗುತ್ತದೆ. ‘ನಾಗರಹಾವು’ ಮೇಲೋ ‘ಘಟಶ್ರಾದ್ಧ’ ಮೇಲೋ? ‘ಓಂ’ ನಾಲ್ಕನೆಯದೋ ಏಳನೆಯದೋ? ಇದೆಲ್ಲ ಪುರುಸೊತ್ತಿದ್ದವರ ಆಟ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಿಕ್ಕಂದಿನಿಂದ ಸಿನಿಮಾ ನೋಡುತ್ತ ಬಂದವರು, ನೋಡಿದ್ದರಲ್ಲಿ ಯಾವುದು ತಮ್ಮೊಳಗೆ ಉಳಿಯಿತು, ಏಕೆ ಉಳಿಯಿತು ಎಂದು ಒಮ್ಮೆಯಾದರೂ ಲೆಕ್ಕ ನೋಡಬೇಕು. ಅದಕ್ಕೆ ಪಟ್ಟಿ ಮಾಡುವುದಕ್ಕಿಂತ ನೇರವಾದ ದಾರಿ ಇಲ್ಲ.

ಮೊದಲೇ ಒಂದು ಗೆರೆ ಎಳೆದುಕೊಳ್ಳೋಣ. ಶ್ರೇಷ್ಠ ಚಿತ್ರಗಳ ಪಟ್ಟಿ ಬೇರೆ, ಮೆಚ್ಚಿನ ಚಿತ್ರಗಳ ಪಟ್ಟಿ ಬೇರೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ತಲಾ ಹತ್ತು ಹೆಸರು ತರಿಸಿಕೊಂಡು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಎಣಿಸುತ್ತ ಬಂದಿದೆ. ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ಘಟಕ 2022ರಲ್ಲಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಿದಾಗ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲನೆಯದಾಯಿತು. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಐದನೆಯ ಸ್ಥಾನದಲ್ಲಿ ನಿಂತಿತು. ಇಂಥ ಪಟ್ಟಿ ಮಾಡುವವರು ಚಿತ್ರ ಬಂದ ಕಾಲ, ಅದು ತೆರೆದ ದಾರಿ, ಮುಂದಿನವರ ಮೇಲೆ ಬೀರಿದ ಪ್ರಭಾವ ಎಲ್ಲವನ್ನೂ ತೂಗಬೇಕಾಗುತ್ತದೆ. ನಿಮ್ಮ ಪಟ್ಟಿಗೆ ಆ ಹೊಣೆ ಇಲ್ಲ. ಅದು ಉತ್ತರ ಕೊಡಬೇಕಾದದ್ದು ನಿಮಗೊಬ್ಬರಿಗೆ. ‘ಸಂಸ್ಕಾರ’ ಕನ್ನಡಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ತಂದ ಮೊದಲ ಚಿತ್ರ. ಆ ಗೌರವವನ್ನು ಮನಸಾರೆ ಒಪ್ಪಿಕೊಂಡೇ ಅದನ್ನು ನಿಮ್ಮ ಹತ್ತರಿಂದ ಹೊರಗಿಡಬಹುದು. ಯಾರೂ ಪ್ರಶಸ್ತಿ ಕೊಡದ ಒಂದು ಚಿತ್ರವನ್ನು ಮೇಲಿಡಬಹುದು.

ನೆನಪಿನಿಂದ ಶುರು ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನು, ಕಂಪ್ಯೂಟರು ದೂರವಿರಲಿ. ಹೊಳೆದ ಹೆಸರುಗಳನ್ನೆಲ್ಲ ಕ್ರಮ ನೋಡದೆ ಬರೆದುಕೊಳ್ಳಿ. ಒಂದೇ ಸಲ ಕೂತು ಮುಗಿಸಬೇಡಿ. ಒಂದು ವಾರ ನೋಟ್‌ಬುಕ್ ಕೈಗೆ ಸಿಗುವ ಜಾಗದಲ್ಲೇ ಇರಲಿ. ಪಾತ್ರೆ ತೊಳೆಯುವಾಗಲೋ ಬಸ್ಸಿನ ಕಿಟಕಿಯ ಪಕ್ಕ ಕೂತಾಗಲೋ ನೆನಪಾಗುವ ಚಿತ್ರಗಳು ಬಹಳ ಸಲ ಮೊದಲ ದಿನ ಬರೆದವಕ್ಕಿಂತ ಗಟ್ಟಿಯಾಗಿರುತ್ತವೆ.

ನೆನಪನ್ನು ಕೆದಕುವ ಪ್ರಶ್ನೆಗಳು ಕೆಲವಿವೆ. ಊರ ಟೆಂಟಿನಲ್ಲಿ ನೋಡಿದ್ದು ಯಾವುದು? ದೂರದರ್ಶನದಲ್ಲಿ ಮನೆಮಂದಿಯೆಲ್ಲ ಸೇರಿ ನೋಡಿದ್ದು? ಟಾಕೀಸಿನಿಂದ ಹೊರಬಂದು ಯಾರ ಹತ್ತಿರವೂ ಮಾತಾಡಲು ಆಗದಂತೆ ಮಾಡಿದ್ದು? ಟಿವಿಯಲ್ಲಿ ಯಾವ ಜಾಗದಿಂದ ಕಂಡರೂ ಚಾನೆಲ್ ಬದಲಿಸದೆ ಕೂತು ನೋಡುವಂಥದ್ದು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದ ಪಕ್ಕ ಒಂದು ಗುರುತು ಹಾಕಿಡಿ, ಮುಂದೆ ಬೇಕಾಗುತ್ತದೆ.

ಮೂವತ್ತು ನಲವತ್ತು ಹೆಸರುಗಳಾದ ಮೇಲೆ ರಾಷ್ಟ್ರಪ್ರಶಸ್ತಿ, ರಾಜ್ಯಪ್ರಶಸ್ತಿಗಳ ಪಟ್ಟಿ, ಪುಟ್ಟಣ್ಣ ಕಣಗಾಲ್, ಸಿದ್ದಲಿಂಗಯ್ಯ, ಶಂಕರ್‌ನಾಗ್ ಮುಂತಾದವರ ಚಿತ್ರಗಳ ಪಟ್ಟಿ ತೆಗೆದು ಬಿಟ್ಟುಹೋದದ್ದೇನು ಎಂದು ನೋಡಿ. ಈ ಕ್ರಮ ತಿರುಗುಮುರುಗಾಗಬಾರದು. ಬೇರೆಯವರ ಪಟ್ಟಿಯ ಮೇಲೆ ಮೊದಲೇ ಕಣ್ಣು ಹಾಯಿಸಿದರೆ ನೆನಪು ಅದೇ ಜಾಡು ಹಿಡಿಯುತ್ತದೆ, ನಿಮ್ಮದೇ ಆದ ಹೆಸರುಗಳು ಸದ್ದಿಲ್ಲದೆ ಹಿಂದೆ ಸರಿಯುತ್ತವೆ.

ಇಲ್ಲಿಯೇ ನಿಯಮಗಳನ್ನೂ ಬರೆದುಕೊಳ್ಳಿ. ಕನ್ನಡ ಮಾತ್ರವೋ, ಎಲ್ಲ ಭಾಷೆಯೋ? ‘ಕೆಜಿಎಫ್’ ಎರಡು ಭಾಗ ಸೇರಿ ಒಂದೋ, ಎರಡೋ? ಅರ್ಧ ನೋಡಿದ ಚಿತ್ರಕ್ಕೆ ಜಾಗ ಉಂಟೋ? ಹೇಗೆ ತೀರ್ಮಾನಿಸಿದರೂ ಸರಿ, ನಡುವೆ ಬದಲಿಸಬೇಡಿ. ಒಬ್ಬ ನಿರ್ದೇಶಕರಿಗೆ ಒಂದೇ ಚಿತ್ರ ಎಂಬ ನಿಯಮವನ್ನು ಕೆಲವರು ಹಾಕಿಕೊಳ್ಳುತ್ತಾರೆ; ಅದು ನನಗೆ ಹಿಡಿಸುವುದಿಲ್ಲ. ‘ಶರಪಂಜರ’ವೂ ‘ರಂಗನಾಯಕಿ’ಯೂ ನಿಮ್ಮವೇ ಆಗಿದ್ದರೆ ಪುಟ್ಟಣ್ಣನವರ ಹೆಸರು ಎರಡು ಸಲ ಬರಲಿ. ಹೊಸ ಚಿತ್ರಕ್ಕೆ ಮಾತ್ರ ಒಂದು ವರ್ಷ ಕಾಯುವ ನಿಯಮ ಬೇಕೇ ಬೇಕು. ‘ಕಾಂತಾರ’ ಓಡುತ್ತಿದ್ದ 2022ರ ಆ ಅಕ್ಟೋಬರಿನಲ್ಲಿ ಪಟ್ಟಿ ಮಾಡಿದ್ದರೆ ಎಷ್ಟು ಜನ ಅದನ್ನು ಮೊದಲನೆಯದಾಗಿ ಬರೆಯುತ್ತಿದ್ದರೋ! ಇಂದಿಗೂ ಅದು ಅಲ್ಲೇ ನಿಂತಿದ್ದರೆ ಆ ಜಾಗ ಅದರದ್ದೇ.

ಹಾಡು ಬೇರೆ, ಚಿತ್ರ ಬೇರೆ

ನಮ್ಮ ಪಟ್ಟಿಗಳನ್ನು ದಿಕ್ಕು ತಪ್ಪಿಸುವುದು ಬಹುಪಾಲು ಹಾಡು. ರೇಡಿಯೋದಲ್ಲಿ ನೂರಾರು ಸಲ ಕೇಳಿದ ಹಾಡು ಆ ಚಿತ್ರವನ್ನೇ ನೂರಾರು ಸಲ ನೋಡಿದಷ್ಟು ಆಪ್ತವಾಗಿಸುತ್ತದೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಹಂಸಲೇಖ ಅವರ ಸಂಗೀತದ ಋಣ ದೊಡ್ಡದು. ಆದರೆ ಪಟ್ಟಿ ಮಾಡುತ್ತಿರುವುದು ಸಿನಿಮಾಗಳದ್ದು. ಒಂದು ಸಣ್ಣ ಪರೀಕ್ಷೆ ಮಾಡಿ: ಚಿತ್ರದ ಹಾಡುಗಳನ್ನು ಬದಿಗಿಟ್ಟು ಮೂರು ದೃಶ್ಯಗಳನ್ನು, ಯಾರು ಎಲ್ಲಿ ನಿಂತಿದ್ದರು, ಏನು ಮಾಡಿದರು ಎನ್ನುವಷ್ಟು ವಿವರವಾಗಿ ಹೇಳಲು ಆಗುತ್ತದೆಯೇ? ‘ಬಂಗಾರದ ಮನುಷ್ಯ’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬಂಜರು ನೆಲದಲ್ಲಿ ರಾಜೀವ ಪಡುವ ಪಾಡು, ಕೊನೆಗೆ ಎಲ್ಲವನ್ನೂ ಬಿಟ್ಟು ಅವನು ನಡೆದುಹೋಗುವುದು ಹಾಡಿನ ಹಂಗಿಲ್ಲದೆ ಕಣ್ಣ ಮುಂದೆ ಬರುತ್ತವೆ. ‘ಮುಂಗಾರು ಮಳೆ’ ಹೇಗೆ ಎಂಬುದನ್ನು ನೀವೇ ನೋಡಿಕೊಳ್ಳಿ. ಹಾಡಿನಲ್ಲೇ ಕಥೆ ಮುಂದೆ ಸಾಗುವಂತೆ, ಪಾತ್ರ ಒಳಗೊಳಗೇ ಬದಲಾಗುವಂತೆ ಚಿತ್ರಿಸಿದ್ದರೆ ಅದು ದೃಶ್ಯವೇ. ಪುಟ್ಟಣ್ಣನವರ ಹಾಡುಗಳನ್ನು ಹಾಗೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪರೀಕ್ಷೆಯಲ್ಲಿ ಸೋತ ಚಿತ್ರಗಳನ್ನು ಹೊಡೆದುಹಾಕುವ ಅಗತ್ಯವಿಲ್ಲ. ಅವನ್ನು ‘ಮೆಚ್ಚಿನ ಹಾಡುಗಳು’ ಎಂಬ ಬೇರೆ ಪುಟಕ್ಕೆ ದಾಟಿಸಿ.

ಮತ್ತೆ ನೋಡಿ

ಈ ಹಂತವನ್ನು ಹಾರಿಸಿ ಮಾಡಿದ ಪಟ್ಟಿ ನಿಮ್ಮ ನೆನಪುಗಳ ಪಟ್ಟಿಯಾಗುತ್ತದೆ, ಸಿನಿಮಾಗಳ ಪಟ್ಟಿಯಾಗುವುದಿಲ್ಲ. ವಯಸ್ಸಾದವರನ್ನು ಬದುಕಿನ ನೆನಪು ಹೇಳಲು ಕೇಳಿದರೆ ಹತ್ತರಿಂದ ಮೂವತ್ತರ ನಡುವಿನ ವರ್ಷಗಳದ್ದೇ ಹೆಚ್ಚು ಬರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಗಮನಿಸಿದ್ದಾರೆ. ಆ ವಯಸ್ಸಿನಲ್ಲಿ ನೋಡಿದ ಚಿತ್ರಕ್ಕೆ ಅದರದ್ದಲ್ಲದ ಬಲವೂ ಕೂಡಿಕೊಂಡಿರುತ್ತದೆ: ಜೊತೆಗಿದ್ದ ಗೆಳೆಯರು, ಮೊದಲ ಸಂಬಳ, ಹೊಸ ಊರು. ಇನ್ನೊಂದು ಸಂಗತಿಯನ್ನು ಡೇನಿಯಲ್ ಕಾಹ್ನಮನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಯಾವುದೇ ಅನುಭವ ಮುಗಿದ ಮೇಲೆ ಅದನ್ನು ಅಳೆಯುವಾಗ ನಾವು ಹೆಚ್ಚಾಗಿ ಅದರ ತೀವ್ರ ಗಳಿಗೆಯನ್ನೂ ಕೊನೆಯನ್ನೂ ಹಿಡಿದುಕೊಳ್ಳುತ್ತೇವೆ, ನಡುವಿನ ಉದ್ದವನ್ನು ಬಹಳಷ್ಟು ಮರೆಯುತ್ತೇವೆ. ಕ್ಲೈಮ್ಯಾಕ್ಸ್ ಗಟ್ಟಿಯಾಗಿದ್ದರೆ ನಡುವಿನ ಮುಕ್ಕಾಲು ಗಂಟೆಯ ಎಳೆದಾಟ ಮನಸ್ಸಿನಿಂದ ಅಳಿಸಿಹೋಗುವುದು ಹೀಗೆ.

ಎಲ್ಲ ನಲವತ್ತನ್ನೂ ಮತ್ತೆ ನೋಡುವುದು ದೊಡ್ಡ ಕೆಲಸ. ಮೊದಲ ಹತ್ತಕ್ಕೆ ಪೈಪೋಟಿ ನಡೆಸುವ ಹದಿನೈದನ್ನಾದರೂ ನೋಡಿ. ನೋಡುವಾಗ ಮಧ್ಯಂತರದಲ್ಲಿ ನಿಲ್ಲಿಸಿ ಒಂದು ಸಾಲು ಬರೆಯಿರಿ: ಈಗ ಇಲ್ಲಿಗೇ ಬಿಟ್ಟು ಎದ್ದು ಹೋಗಬೇಕಾದರೆ ಬೇಜಾರಾಗುತ್ತದೆಯೇ? ಕೊನೆಯ ದೃಶ್ಯ ನಿಮ್ಮನ್ನು ಆವರಿಸಿಕೊಳ್ಳುವ ಮೊದಲೇ ಸಿಕ್ಕ ಈ ಉತ್ತರಕ್ಕೆ ಹೆಚ್ಚು ಬೆಲೆಯಿದೆ.

ಯಾವ ಪ್ರತಿ ನೋಡಿದಿರಿ ಎಂಬುದನ್ನೂ ಬರೆದಿಡಿ. ನಮ್ಮ ಹಳೆಯ ಚಿತ್ರಗಳ ವಿಷಯದಲ್ಲಿ ಇದು ಚಿಕ್ಕ ಮಾತಲ್ಲ. ಯೂಟ್ಯೂಬಿನಲ್ಲಿ ಸಿಗುವ ಎಷ್ಟೋ ಪ್ರತಿಗಳಲ್ಲಿ ಬಣ್ಣ ಮಾಸಿದೆ, ಚೌಕಟ್ಟು ಕತ್ತರಿಸಿದೆ, ಟಿವಿಗಾಗಿ ದೃಶ್ಯಗಳನ್ನೇ ತೆಗೆದಿದ್ದಾರೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ತೆರೆ ಕಂಡವು. ಜನ ಮುಗಿಬಿದ್ದು ನೋಡಿದ್ದು ಸಂತೋಷವೇ, ಆದರೂ ಪಟ್ಟಿಯಲ್ಲಿ ನಾನು ಲೆಕ್ಕಕ್ಕಿಡುವುದು ಕಪ್ಪುಬಿಳುಪನ್ನೇ. ಬೆಳಕು ನೆರಳು ಹೊಂದಿಸಿದ ಛಾಯಾಗ್ರಾಹಕರ ಕಣ್ಣು ಅದರಲ್ಲಿದೆ. 1977ರ ‘ಘಟಶ್ರಾದ್ಧ’ವನ್ನು ಮಸುಕು ಪ್ರತಿಯಲ್ಲಿ ಮಾತ್ರ ನೋಡಿದವರು ತೀರ್ಪು ಕೊಡುವುದನ್ನು ತಡೆಹಿಡಿಯಬೇಕು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಜೋಡಿಸಿ ಪುನರುಜ್ಜೀವನಗೊಳಿಸಿದ ಅದರ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನೆಯನ್ನು ಪುಟ್ಟ ನಾಣಿ ದೂರದಿಂದ ನೋಡುತ್ತ ಸಾಗುವ ಕೊನೆಯ ದೃಶ್ಯದಲ್ಲಿ ಕಪ್ಪು, ಬಿಳುಪು, ಅವೆರಡರ ನಡುವಿನ ಬೂದು ಎಲ್ಲವೂ ಕಥೆ ಹೇಳುತ್ತವೆ. ಬೂದು ಬಣ್ಣವೇ ಕಾಣದ ಪ್ರತಿಯಲ್ಲಿ ಆ ದೃಶ್ಯ ಅರ್ಧ ಮಾತ್ರ ಸಿಗುತ್ತದೆ.

ಅಂಕ ಕೊಡಬೇಡಿ, ಜೋಡಿ ಹಚ್ಚಿ

ಹೆಚ್ಚಿನವರು ಈಗ ಮಾಡುವುದು ಅಂಕ ಕೊಡುವ ಕೆಲಸ. ಕಥೆಗೆ ಹತ್ತಕ್ಕೆ ಎಂಟು, ನಟನೆಗೆ ಒಂಬತ್ತು, ಛಾಯಾಗ್ರಹಣಕ್ಕೆ ಏಳು. ಇದರಿಂದ ಬರುವ ಪಟ್ಟಿ ಸತ್ತ ಪಟ್ಟಿ. ಎಲ್ಲದರಲ್ಲೂ ಒಂದಿಷ್ಟು ಚೆನ್ನಾಗಿರುವ, ಎಲ್ಲಿಯೂ ಎದೆಗೆ ತಾಗದ ಚಿತ್ರ ಮೇಲೆ ಬಂದು ಕೂರುತ್ತದೆ. ಸುನಿಲ್ ಕುಮಾರ್ ದೇಸಾಯಿ ಅವರ ‘ಬೆಳದಿಂಗಳ ಬಾಲೆ’ ನಾಯಕಿಯ ಮುಖವನ್ನೇ ತೋರಿಸದೆ ಬರೀ ದನಿಯಲ್ಲಿ ಅವಳನ್ನು ನಿಲ್ಲಿಸುತ್ತದೆ. ಈ ಒಂದು ಧೈರ್ಯಕ್ಕೆ ಯಾವ ಕಾಲಮ್ಮಿನಲ್ಲಿ ಎಷ್ಟು ಅಂಕ ಹಾಕುತ್ತೀರಿ? ನಕ್ಷತ್ರ ಕೊಡುವ ಪದ್ಧತಿಯಲ್ಲಿ ತೊಂದರೆ ಬೇರೆ ಥರದ್ದು. ಮೆಚ್ಚಿನ ಮೂವತ್ತಕ್ಕೂ ನಾಲ್ಕೂವರೆ ನಕ್ಷತ್ರವೇ ಬಂದರೆ ಕ್ರಮ ಎಲ್ಲಿಂದ ಬರಬೇಕು?

ಕೆಲಸಕ್ಕೆ ಬರುವ ವಿಧಾನವೆಂದರೆ ಎರಡೆರಡು ಚಿತ್ರಗಳನ್ನು ಎದುರುಬದುರು ನಿಲ್ಲಿಸಿ ಒಂದನ್ನು ಆರಿಸುವುದು. ಮೂವತ್ತು ಚಿತ್ರಗಳ ಎಲ್ಲ ಜೋಡಿಗಳನ್ನೂ ಹಚ್ಚಲು ಹೊರಟರೆ 435 ಜೋಡಿಗಳಾಗುತ್ತವೆ, ಯಾರಿಗೂ ಆಗದ ಮಾತು. ಸುಲಭದ ದಾರಿ ಇದೆ. ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು ಬರೆಯಿರಿ. ಮೊದಲ ಎರಡು ಚೀಟಿ ಎತ್ತಿ ಯಾವುದು ಮೇಲೆ ಎಂದು ತೀರ್ಮಾನಿಸಿ ಮೇಜಿನ ಮೇಲೆ ಒಂದರ ಕೆಳಗೊಂದು ಇಡಿ. ಮೂರನೆಯದರಿಂದ ಮುಂದೆ ಪ್ರತಿ ಚೀಟಿಯನ್ನೂ ಮೊದಲು ಸಾಲಿನ ನಟ್ಟನಡುವಿನ ಚಿತ್ರದೊಂದಿಗೆ ಹೋಲಿಸಿ. ಗೆದ್ದರೆ ಮೇಲಿನ ಅರ್ಧದ ನಡುವಿನದರೊಂದಿಗೆ, ಸೋತರೆ ಕೆಳಗಿನ ಅರ್ಧದ ನಡುವಿನದರೊಂದಿಗೆ ಹೋಲಿಸಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಸಾಲಿನಲ್ಲಿ ಮೂವತ್ತು ಚೀಟಿ ಇದ್ದರೂ ಹೊಸ ಚೀಟಿಯ ಜಾಗ ಐದು ಹೋಲಿಕೆಯೊಳಗೆ ಗೊತ್ತಾಗುತ್ತದೆ. ಎರಡು ಸಂಜೆಯಲ್ಲಿ ಸಾವಕಾಶವಾಗಿ ಮುಗಿಯುವ ಕೆಲಸ.

ಹೋಲಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ ಇರಬೇಕು. ‘ಇವತ್ತು ರಾತ್ರಿ ಯಾವುದನ್ನು ನೋಡುತ್ತೀರಿ?’ ಎಂದು ಕೇಳಿಕೊಂಡರೆ ಹಗುರವಾದ ಚಿತ್ರಗಳು ಗೆಲ್ಲುತ್ತವೆ. ಚಾನೆಲ್ ಬದಲಿಸದೆ ನೋಡುವವು ಎಂದು ಆಗ ಗುರುತು ಹಾಕಿದ್ದೆವಲ್ಲ, ಅವಕ್ಕೆ ಇಲ್ಲಿ ಭಾರೀ ಅನುಕೂಲ. ನಾನು ಬಳಸುವ ಪ್ರಶ್ನೆ ಬೇರೆ: ಇವೆರಡರಲ್ಲಿ ಒಂದು ಇನ್ನು ಯಾರಿಗೂ ಎಂದೂ ನೋಡಲು ಸಿಗದಂತೆ ಹೋಗುತ್ತದೆ ಎಂದಾದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಕನ್ನಡದವರಿಗೆ ಇದು ಬರೀ ಕಲ್ಪನೆಯಲ್ಲ. 1934ರಲ್ಲಿ ತೆರೆ ಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಉಳಿದಿಲ್ಲ. ಹೀಗೆ ಕೇಳಿಕೊಂಡ ಕೂಡಲೇ ಮನಸ್ಸು ಗಂಭೀರವಾಗುತ್ತದೆ, ಉತ್ತರ ಒಳಗಿನಿಂದ ಬರುತ್ತದೆ.

ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. ಒಂದು ಕಡೆ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ, 1974ರದ್ದು. ಇನ್ನೊಂದು ಕಡೆ ರಾಮ್ ರೆಡ್ಡಿ ಅವರ ‘ತಿಥಿ’, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು ಮರುವರ್ಷ ನಮ್ಮಲ್ಲಿ ಬಿಡುಗಡೆಯಾದದ್ದು. ಎರಡರಲ್ಲೂ ಹಳ್ಳಿ, ಎರಡರಲ್ಲೂ ಒಬ್ಬ ಮುದುಕನ ಸಾವು, ಎರಡರಲ್ಲೂ ಜಮೀನಿನ ವ್ಯಾಜ್ಯ. ಸಾಲ ಕೊಟ್ಟು ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಹೋಗಿಬರುವವರನ್ನೆಲ್ಲ ಬೈಯುತ್ತ ಬೀದಿಬದಿ ಕೂತಿದ್ದ ನೂರೊಂದು ವರ್ಷದ ಸೆಂಚುರಿ ಗೌಡ ಕುಸಿದು ಬಿದ್ದು ಸತ್ತಾಗ ಇಡೀ ಊರಿಗೆ ಊಟ ಹಾಕಿಸುವ ಏರ್ಪಾಟು ಶುರುವಾಗುತ್ತದೆ. ಮಗ ಗಡ್ಡಪ್ಪನಿಗೆ ಮಾತ್ರ ಯಾವುದೂ ಬೇಡ. ಟೈಗರ್ ಬ್ರಾಂದಿಯ ಬಾಟಲಿ ಹಿಡಿದು ಹೊಲಗದ್ದೆ ಸುತ್ತುತ್ತಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಹೆಣಗುತ್ತಾನೆ, ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಅಲೆಯುತ್ತಾನೆ.

‘ತಿಥಿ’ಯ ಶಕ್ತಿ ಎಲ್ಲೆಡೆ ಸಮನಾಗಿ ಹರಡಿಕೊಂಡಿದೆ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ್ದಾರೆ, ಅವರದ್ದೇ ಮಾತು. ಮುದುಕ ಗಡ್ಡಪ್ಪ ಕುರುಬರ ಬಿಡಾರದ ಬೆಂಕಿಯ ಮುಂದೆ ಕೂತು ತನ್ನ ಹೆಂಡತಿಯ, ಅಪ್ಪನ ವಿಷಯ ಹೇಳಿಕೊಳ್ಳುವಾಗ ದನಿ ಏರುವುದೂ ಇಲ್ಲ, ನಡುಗುವುದೂ ಇಲ್ಲ. ಅದುವರೆಗೂ ಹೊಟ್ಟೆ ಹಿಡಿದು ನಕ್ಕ ಪ್ರೇಕ್ಷಕರು ಅಲ್ಲಿ ತೆಪ್ಪಗಾಗುತ್ತಾರೆ. ‘ಭೂತಯ್ಯನ ಮಗ ಅಯ್ಯು’ ಇಷ್ಟು ಸಂಯಮದ ಚಿತ್ರವಲ್ಲ. ಅದರಲ್ಲಿ ಕೋರ್ಟು, ಹೊಡೆದಾಟ, ಪ್ರವಾಹ, ಉಪ್ಪಿನಕಾಯಿ ಭರಣಿಯ ಮುಂದೆ ಲೋಕನಾಥ್ ಎಲ್ಲವೂ ಇದೆ. ವಿಷ್ಣುವರ್ಧನ್ ಅವರ ಗುಳ್ಳ ಕುದಿಯುತ್ತಲೇ ಇರುತ್ತಾನೆ. ಇವೆಲ್ಲದರ ನಡುವೆ ಲೋಕೇಶ್ ಇದ್ದಾರೆ. ಅಪ್ಪನ ಹಟವನ್ನೇ ಆಸ್ತಿಯಾಗಿ ಪಡೆದ ಅಯ್ಯು ಕೊನೆಯಲ್ಲಿ ಬದಲಾಗುವುದನ್ನು ಬೇರೆ ನಟರು ಕಣ್ಣೀರಿನಲ್ಲಿ ತೋರಿಸುತ್ತಿದ್ದರೇನೋ. ಲೋಕೇಶ್ ಅದನ್ನು ಕಣ್ಣಿನಲ್ಲಿ, ತುಸುವೇ ತಗ್ಗುವ ಹೆಗಲಿನಲ್ಲಿ ತೋರಿಸಿ ಮುಗಿಸುತ್ತಾರೆ.

ಎರಡನ್ನೂ ಮತ್ತೆ ನೋಡಿ, ಉಳಿಸಿಕೊಳ್ಳುವ ಪ್ರಶ್ನೆ ಕೇಳಿಕೊಂಡಾಗ ನನ್ನ ಕೈ ‘ಭೂತಯ್ಯನ ಮಗ ಅಯ್ಯು’ವಿನ ಕಡೆ ಹೋಯಿತು. ಕಟ್ಟುವಿಕೆಯಲ್ಲಿ ‘ತಿಥಿ’ ಅಚ್ಚುಕಟ್ಟು ಎಂದು ಗೊತ್ತಿದ್ದೂ ಹೀಗಾಯಿತು. ಕಾರಣ ಆಮೇಲೆ ಹೊಳೆಯಿತು: ‘ತಿಥಿ’ಯಲ್ಲಿ ಯಾರೂ ಬದಲಾಗುವುದಿಲ್ಲ, ಅದೇ ಅದರ ಸತ್ಯ. ಆದರೆ ಮನುಷ್ಯ ಬದಲಾಗಬಲ್ಲ ಎಂದು ನಂಬಿಸುವ ಚಿತ್ರಕ್ಕೆ ನನ್ನೊಳಗೆ ಒಂದು ಮೆಟ್ಟಿಲು ಮೇಲಿನ ಜಾಗವಿದೆ. ಈ ಮಾತನ್ನು ಅಳತೆಗೋಲಾಗಿ ಮೊದಲೇ ಬರೆದಿಟ್ಟುಕೊಂಡಿದ್ದರೆ ಅದು ಒಣ ಸಿದ್ಧಾಂತವಾಗುತ್ತಿತ್ತು. ಎರಡು ಚಿತ್ರಗಳನ್ನು ಎದುರಿಗಿಟ್ಟು ಒಂದನ್ನು ಕೈಬಿಡಬೇಕಾದಾಗ ಅದು ತಾನಾಗಿ ಹೊರಬಂತು. ನಿಮ್ಮ ಉತ್ತರ ಇದಕ್ಕೆ ತದ್ವಿರುದ್ಧವಾಗಿರಬಹುದು, ಆಗ ಹೊರಬರುವ ಅಳತೆಗೋಲು ನಿಮ್ಮದು. ಹತ್ತು ಹನ್ನೆರಡು ಜೋಡಿಗಳಾಗುವ ಹೊತ್ತಿಗೆ, ಸಿನಿಮಾದಿಂದ ನೀವು ಇಷ್ಟು ವರ್ಷ ಏನನ್ನು ಕೇಳುತ್ತ ಬಂದಿದ್ದೀರಿ ಎಂಬುದು ನಿಮಗೇ ಕಾಣತೊಡಗುತ್ತದೆ.

ಒಮ್ಮೊಮ್ಮೆ ಗಂಟು ಬೀಳುತ್ತದೆ. ‘ಶರಪಂಜರ’ಕ್ಕಿಂತ ‘ಚೋಮನ ದುಡಿ’ ಮೇಲು, ‘ಚೋಮನ ದುಡಿ’ಗಿಂತ ‘ಓಂ’ ಮೇಲು, ‘ಓಂ’ಗಿಂತ ‘ಶರಪಂಜರ’ ಮೇಲು ಎಂಬಂಥ ಸುತ್ತು. ಗಾಬರಿ ಬೇಡ. ಜೋಡಿ ಬದಲಾದಂತೆ ಬೇರೆ ಬೇರೆ ಗುಣಗಳನ್ನು ತೂಗಿದ್ದೀರಿ ಎಂದಷ್ಟೇ ಅದರರ್ಥ. ಮೂರನ್ನೂ ಒಂದೇ ಮೆಟ್ಟಿಲಲ್ಲಿಟ್ಟು ಮುಂದೆ ಹೋಗಿ. ಮುಂದಿನ ಸಲ ನೋಡಿದಾಗ ಬಿಡಿಸಿಕೊಳ್ಳುತ್ತದೆ.

ಎರಡು ವಾಕ್ಯದ ಕಾರಣ, ಒಂದು ತಾರೀಖು

ಕ್ರಮ ಸಿಕ್ಕ ಮೇಲೆ ಪ್ರತಿ ಹೆಸರಿನ ಮುಂದೆ ಎರಡು ವಾಕ್ಯ ಬರೆಯಿರಿ. ಅದ್ಭುತ, ಮನೋಜ್ಞ, ಅಮೋಘ ಎಂಬ ಪದಗಳಿಗೆ ಪ್ರವೇಶವಿಲ್ಲ. ಒಂದು ದೃಶ್ಯ ಇರಲೇಬೇಕು. ‘ನಾಗರಹಾವು ಪುಟ್ಟಣ್ಣನವರ ಮೇರು ಕೃತಿ’ ಎಂದರೆ ನಿಮ್ಮ ಬಗ್ಗೆಯೂ ಚಿತ್ರದ ಬಗ್ಗೆಯೂ ಏನೂ ಹೇಳಿದಂತಾಗಲಿಲ್ಲ. ರಾಮಾಚಾರಿಯನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟ್ರು ಒಳ್ಳೆಯದಾಗಲೆಂದೇ ಹೇಳಿದ ಮಾತು ಅವನ ಬದುಕನ್ನು ಹಾಳು ಮಾಡಿತು, ಕೆ.ಎಸ್. ಅಶ್ವಥ್ ಅವರ ಮುಖದಲ್ಲಿ ಆ ಅರಿವು ಮೂಡುವ ಗಳಿಗೆಗಾಗಿ ಈ ಚಿತ್ರ ಇಲ್ಲಿದೆ ಎಂದು ಬರೆದರೆ ಓದಿದವರು ಒಪ್ಪಲಿ, ಬಿಡಲಿ, ಮಾತು ಮುಂದುವರಿಯುತ್ತದೆ. ಎರಡು ವಾಕ್ಯ ಬರೆಯಲಾಗದ ಚಿತ್ರ ಬರೀ ಕೀರ್ತಿಯ ಬಲದಿಂದ ಅಲ್ಲಿ ಕೂತಿದೆ ಎಂದು ತಿಳಿಯಿರಿ.

ಕೆಳಗೆ ತಾರೀಖು ಹಾಕಿ. ಮುಂದಿನ ವರ್ಷ ಹೊಸ ಪುಟದಲ್ಲಿ ಬರೆಯಿರಿ, ಹಳೆಯದನ್ನು ತಿದ್ದಬೇಡಿ. ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಮೊದಲನೆಯದಾಗಿತ್ತು, 2012ರಲ್ಲಿ ‘ವರ್ಟಿಗೊ’ ಆ ಜಾಗಕ್ಕೆ ಬಂತು. 2022ರಲ್ಲಿ ಶಾಂತಾಲ್ ಅಕರ್ಮನ್ ಅವರ 1975ರ ‘ಜಾನ್ ಡೀಲ್ಮನ್’ ಎಲ್ಲರನ್ನೂ ದಾಟಿ ಮೊದಲನೆಯದಾಯಿತು. ಹತ್ತು ವರ್ಷ ಹಿಂದೆ ಅದು ಮೊದಲ ಮೂವತ್ತರಲ್ಲೂ ಇರಲಿಲ್ಲ. ಚಿತ್ರ ಅದೇ, ನೋಡುವವರು ಬದಲಾದರು. ಹಳೆಯ ಪುಟಗಳನ್ನು ಉಳಿಸಿಕೊಂಡವರಿಗೆ ತಮ್ಮೊಳಗಿನ ಇಂಥ ಬದಲಾವಣೆಯೂ ಕಾಣಸಿಗುತ್ತದೆ.

ಮನೆಯವರದ್ದೆಲ್ಲ ಸೇರಿಸಿ ಒಂದೇ ಪಟ್ಟಿ ಮಾಡಬೇಕೆಂದರೆ ಮೊದಲನೆಯದಕ್ಕೆ ಹತ್ತು, ಎರಡನೆಯದಕ್ಕೆ ಒಂಬತ್ತು, ಹೀಗೆ ಹತ್ತನೆಯದಕ್ಕೆ ಒಂದು ಎಂದು ಅಂಕ ಕೊಟ್ಟು ಕೂಡಿ. ಈ ಲೆಕ್ಕದಲ್ಲಿ ಎಲ್ಲರೂ ಐದನೆಯದಾಗಿ ಬರೆದ ಚಿತ್ರ, ಒಬ್ಬರೇ ಮೊದಲನೆಯದಾಗಿ ಬರೆದ ಚಿತ್ರವನ್ನು ಹಿಂದಿಕ್ಕುತ್ತದೆ. ಆದ್ದರಿಂದ ಪ್ರತಿಯೊಬ್ಬರ ಮೊದಲ ಆಯ್ಕೆಯನ್ನು ಬೇರೆಯಾಗಿ ಬರೆದಿಡುವುದನ್ನು ಮರೆಯಬೇಡಿ. ಮನೆಯ ಹಿರಿಯರ ಪಟ್ಟಿ ಬರೆದುಕೊಳ್ಳುವಾಗ ಚಿತ್ರದ ಪಕ್ಕ ಊರು ಮತ್ತು ಟಾಕೀಸಿನ ಹೆಸರೂ ಇರಲಿ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಟಾಕೀಸುಗಳು ಹಾಗೆ ಉಳಿಯುವುದಿಲ್ಲ: ಬೆಂಗಳೂರಿನ ಕಪಾಲಿಯಂಥ ದೊಡ್ಡ ಚಿತ್ರಮಂದಿರವೇ ನೆಲಸಮವಾಗಿದೆ.

ಕೊನೆಯ ಕಾಲಮ್ಮಿನಲ್ಲಿ ಚಿತ್ರ ಈಗ ಎಲ್ಲಿ ಸಿಗುತ್ತದೆ ಎಂದು ಬರೆಯಿರಿ: ಒಟಿಟಿ, ಡಿವಿಡಿ, ಯೂಟ್ಯೂಬು. ಒಳ್ಳೆಯ ಪ್ರತಿ ಎಲ್ಲೂ ಸಿಗದ ಚಿತ್ರಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಹತ್ತರಲ್ಲಿ ಇಂಥವು ಮೂರೋ ನಾಲ್ಕೋ ಇದ್ದೇ ಇರುತ್ತವೆ, ಹಳೆಯ ಚಿತ್ರಗಳನ್ನು ಇಷ್ಟಪಡುವವರಾದರೆ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ 1971ರಿಂದಲೂ ಕೆಲಸ ಮಾಡುತ್ತ ಬಂದಿರುವ ಸುಚಿತ್ರಾ ಫಿಲ್ಮ್ ಸೊಸೈಟಿಗೋ ನಿಮ್ಮ ಊರಿನ ಚಿತ್ರಸಮಾಜಕ್ಕೋ ಒಂದು ಪತ್ರ ಬರೆದು, ಆ ಚಿತ್ರಗಳ ಪ್ರದರ್ಶನ ಏರ್ಪಡಿಸಲು ಸಾಧ್ಯವೇ ಎಂದು ಕೇಳಿ. ನಿಮ್ಮ ಎರಡು ವಾಕ್ಯಗಳನ್ನೂ ಪತ್ರದಲ್ಲಿ ಸೇರಿಸಿ.